ಮುಗಿಯದ ಕೊರಿಯಾ ಬಾಟಲಿಗಳು

ಆರೇ ವಾರದಲ್ಲಿ ನನ್ನ ಮುಖದಿಂದ ಹತ್ತು ವರ್ಷ ಇಳಿಸಿಬಿಡುತ್ತೇನೆ ಎಂದು ನಾನು ಪ್ರತಿಜ್ಞೆ ಮಾಡಿದ್ದು ಮಹದೇವಪುರದಲ್ಲಿ, ಬೀಗರಾಗಲಿದ್ದವರ ಮನೆಯ ಬಚ್ಚಲಿನಲ್ಲಿ. ಹಿಂದಿನ ಕಾಲದ ರಾಜರು ಕತ್ತಿ ಮುಟ್ಟಿ ಆಣೆ ಮಾಡುತ್ತಿದ್ದರಂತೆ. ನನ್ನ ಕೈಗೆ ಸಿಕ್ಕಿದ್ದು ವಾಶ್‌ಬೇಸಿನ್ನಿನ ನಲ್ಲಿ. ಅದನ್ನೇ ಮುಟ್ಟಿ ಆಣೆ ಮಾಡಿದೆ.

ಅಷ್ಟು ದೊಡ್ಡ ಆಣೆಗೆ ಕಾರಣ ಒಂದು ಸಣ್ಣ ಮಾತು. ಮಗಳು ಭವ್ಯಳ ಮದುವೆ ಮಾತುಕತೆಗೆಂದು ಅವತ್ತು ನಾವು ಅಲ್ಲಿಗೆ ಹೋಗಿದ್ದೆವು. ಹುಡುಗ ನಿತೀಶ್ ಒಳ್ಳೆಯವನು, ಮನೆಯವರೂ ಒಳ್ಳೆಯವರು. ಕಾಫಿ ಬಂತು, ಖಾರ ಬಂತು, ಮಾತು ಒಂದು ಹದಕ್ಕೆ ಬಂತು. ಆಗ ಹುಡುಗನ ಅಜ್ಜಿ ಕನ್ನಡಕ ಸರಿಮಾಡಿಕೊಂಡು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದರು.

"ಹುಡುಗಿ ತಾತ ಬಂದವ್ರೆ, ಸಂತೋಷ. ಅಪ್ಪ ಯಾಕ್ ಬರ್ಲಿಲ್ಲ?"

ಪಕ್ಕದಲ್ಲಿದ್ದ ನನ್ನ ಹೆಂಡತಿ ಆಂಜನಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಅದು ಕೆಮ್ಮೇ ಎಂದು ಅವಳು ಇವತ್ತಿಗೂ ಸಾಧಿಸುತ್ತಾಳೆ. ನನಗೆ ಇವತ್ತಿಗೂ ಅನುಮಾನ.

ಅನುಮಾನ ನನ್ನ ಕಸುಬು. ನಾನು ಮುನಿವೆಂಕಟಪ್ಪ, ಬೈಯಪ್ಪನಹಳ್ಳಿಯವನು, ಸಿಟಿ ಬಸ್ಸಿನಲ್ಲಿ ಟಿಕೆಟ್ ಚೆಕಿಂಗ್ ಇನ್ಸ್‌ಪೆಕ್ಟರ್. ಹೆಂಗಸರ ಸೊನ್ನೆ ರೂಪಾಯಿ ಟಿಕೆಟ್ಟನ್ನೂ ಬೆಳಕಿಗೆ ಹಿಡಿದು ನೋಡುವವನು. ಕಿಟಕಿಯಾಚೆ ನೋಡುತ್ತ ಕೂತವನ ಮೇಲೆ ನನಗೆ ಅನುಮಾನ. ನನ್ನನ್ನೇ ನೋಡುತ್ತ ಕೂತವನ ಮೇಲೆ ಇನ್ನೂ ಹೆಚ್ಚು ಅನುಮಾನ. ಈ ಅನುಮಾನವನ್ನು ಇಟ್ಟುಕೊಂಡು ಇಪ್ಪತ್ತೇಳು ವರ್ಷ ಟಿನ್ ಫ್ಯಾಕ್ಟರಿ, ಕೆ.ಆರ್. ಪುರ, ಹಲಸೂರು, ಶಿವಾಜಿನಗರ ಎಂದು ಸ್ಟಾಪಿನಿಂದ ಸ್ಟಾಪಿಗೆ ಬಿಸಿಲಲ್ಲಿ ನಿಂತಿದ್ದೇನೆ. ಅಂಗಿ ಬಿಚ್ಚಿದರೆ, ಇಬ್ಬರು ಬೇರೆ ಬೇರೆ ಮನುಷ್ಯರನ್ನು ತಂದು ಕೊರಳ ಹತ್ತಿರ ಹೊಲಿಗೆ ಹಾಕಿದ ಹಾಗೆ ಕಾಣುತ್ತೇನೆ. ಮೇಲಿನವನು ಕೆಳಗಿನವನಿಗೆ ತಾತ ಆಗಬೇಕು, ಒಪ್ಪುತ್ತೇನೆ. ಆದರೆ ಭವ್ಯಳಿಗಲ್ಲ.

ಹುಡುಗನ ಅಪ್ಪ ಪಿಳ್ಳಪ್ಪನವರು ನನಗಿಂತ ಎರಡು ವರ್ಷ ದೊಡ್ಡವರು. ಐವತ್ತೆಂಟು ವಯಸ್ಸು, ಮುಖದಲ್ಲಿ ಹುಡುಕಿದರೂ ಒಂದು ಗೆರೆ ಇಲ್ಲ. ಈಗ ತಾನೇ ಒರೆಸಿಟ್ಟ ಗುಂಡು ಬದನೆಕಾಯಿಯ ಹಾಗೆ ಹೊಳೆಯುತ್ತಿದ್ದರು. ಇದು ಹುಟ್ಟಿನಿಂದ ಬಂದ ಹೊಳಪಲ್ಲ, ಇದರ ಹಿಂದೆ ಏನೋ ಇದೆ ಎಂದು ನನ್ನ ಒಳಮನಸ್ಸು ಹೇಳಿತು. ಕೈ ತೊಳೆಯುವ ನೆಪ ಹೇಳಿ ಬಚ್ಚಲಿಗೆ ಹೋದೆ. ಕನ್ನಡಿಯ ಕೆಳಗೆ ಸಾಲಾಗಿ ಹತ್ತು ಬಾಟಲಿ. ಎಲ್ಲದರ ಮೇಲೂ ಗೆರೆ, ಸೊನ್ನೆ, ಚೌಕ ಹಾಕಿದಂಥ ಅಕ್ಷರ. ಸಿಕ್ಕಿಬಿದ್ದರು ಬೀಗರು ಎಂದುಕೊಂಡು ಫೋನಿನಲ್ಲಿ ಫೋಟೊ ಹಿಡಿದೆ. ಆಮೇಲೆ ನಲ್ಲಿ ಮುಟ್ಟಿದೆ. ನಿಶ್ಚಿತಾರ್ಥಕ್ಕೆ ಸರಿಯಾಗಿ ಆರು ವಾರ ಇತ್ತು.

ಮಾರನೆಯ ದಿನ ಡ್ಯೂಟಿಯಲ್ಲಿ ಆ ಫೋಟೊವನ್ನು ಅನೀಸ್‌ಗೆ ತೋರಿಸಿದೆ. ಅನೀಸ್ ನನ್ನ ಜೊತೆ ಚೆಕಿಂಗ್ ಮಾಡುವವನು, ಶಿವಾಜಿನಗರದವನು.

"ಇದು ಕೊರಿಯಾ ಮಾಲ್ ಗುರು," ಅಂದ. "ಹತ್ತು ಸ್ಟೆಪ್ ಇರುತ್ತೆ. ನಮ್ಮ ತಂಗಿ ಮಗಳು ನಾಜಿಶ್ ಕಮರ್ಷಿಯಲ್ ಸ್ಟ್ರೀಟ್ ಹಿಂದುಗಡೆ ಅಂಗಡಿ ಇಟ್ಟವಳೆ. ಇದೇ ಮಾರೋದು. ಹೋಗ್ ನೋಡು."

ಇವನಿಗೆ ಕಮಿಷನ್ ಇರಬಹುದು ಎಂದು ಅನುಮಾನ ಬಂತು. ಆದರೂ ಹೋದೆ.

ನಾಜಿಶ್ ಕನ್ನಡಕ ಹಾಕಿಕೊಂಡ, ಮೆಲುದನಿಯ ಹುಡುಗಿ. ನನ್ನನ್ನು ದೀಪದ ಕೆಳಗೆ ಕೂರಿಸಿ, ಕೆನ್ನೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದಳು.

"ಅಂಕಲ್, ನಿಮಗೆ ಹತ್ತು ಬೇಡ. ನಿಮ್ಮದು ಬಿಸಿಲಿಗೆ ಒಣಗಿರೋ ಸ್ಕಿನ್. ಒಂದು ಸಾದಾ ಫೇಸ್ ವಾಶ್, ಒಂದು ಮಾಯಿಶ್ಚರೈಸರ್, ಒಂದು ಸನ್‌ಸ್ಕ್ರೀನ್. ಮೂರೇ ಸಾಕು. ಅಲ್ಲಿನ ಹವಾ ಬೇರೆ, ನಿಮ್ಮ ಡ್ಯೂಟಿ ಬೇರೆ. ಅವರದನ್ನ ಹಂಗೇ ತಂದು ನಿಮಗೆ ಹಾಕೋಕಾಗಲ್ಲ."

ಅಂಗಡಿಯವರು ಕೊಳ್ಳಬೇಡಿ ಅನ್ನುವುದುಂಟೆ? ನನ್ನ ಅನುಭವದಲ್ಲಿ, ಕೇಳುವ ಮೊದಲೇ ಟಿಕೆಟ್ ಚಾಚುವವನ ಕೈಯಲ್ಲಿರುವುದು ನಿನ್ನೆಯ ಟಿಕೆಟ್. ಒಳ್ಳೆಯ ಮಾಲನ್ನು ಪಿಳ್ಳಪ್ಪನಂಥವರಿಗೆ ಎತ್ತಿಟ್ಟು, ಬಸ್ಸಿನವನಿಗೆ ಮೂರರಲ್ಲಿ ಮುಗಿಸುತ್ತಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

"ನಂಗೂ ಆ ಹತ್ತೇ ಬೇಕಮ್ಮ," ಅಂದೆ.

"ಅಂಕಲ್, ಆ್ಯಸಿಡ್ ಇರೋದು ಎರಡಿವೆ ಅದರಲ್ಲಿ. ಒಟ್ಟಿಗೆ ಹಚ್ಚಬಾರದು. ಮೊದಲು ಕೈಮೇಲೆ ಒಂದು ತೊಟ್ಟು ಹಾಕಿ ಮೂರು ದಿನ ನೋಡಬೇಕು."

"ನಂಗೆ ಅಷ್ಟು ಪುರುಸೊತ್ತಿಲ್ಲ. ಎಲ್ಲಾ ಕಟ್ಟು."

ಅವಳು ನಿಟ್ಟುಸಿರುಬಿಟ್ಟು ಕಟ್ಟಿದಳು. ಕೊನೆಗೆ, "ಏನೇ ಬಿಟ್ಟರೂ ಇದೊಂದು ಮಾತ್ರ ಬಿಡಬೇಡಿ," ಎಂದು ಸನ್‌ಸ್ಕ್ರೀನ್ ಎತ್ತಿ ಹಿಡಿದಳು. ಅಷ್ಟೊಂದು ಒತ್ತಾಯ ಮಾಡುತ್ತಿದ್ದಾಳೆಂದರೆ ಅದು ಖರ್ಚಾಗದೆ ಉಳಿದ ಮಾಲೇ ಇರಬೇಕು. ಇಪ್ಪತ್ತೇಳು ವರ್ಷದ ಬಿಸಿಲನ್ನು ಕಂಡವನಿಗೆ ಸನ್‌ಸ್ಕ್ರೀನ್ ಮಾರಲು ಬಂದಿದ್ದಾಳೆ. ಅದನ್ನು ಅಲ್ಲೇ ಬಿಟ್ಟು ಉಳಿದ ಒಂಬತ್ತನ್ನು ತಂದೆ.

ಮನೆಯಲ್ಲಿ ಅವನ್ನು ಹಳೆಯ ಟ್ರಂಕಿನಲ್ಲಿ, ಖಾಕಿ ಸಮವಸ್ತ್ರದ ಕೆಳಗೆ ಬಚ್ಚಿಟ್ಟೆ. ಒಂದರಿಂದ ಒಂಬತ್ತರವರೆಗೆ ನಂಬರ್ ಚೀಟಿ ಅಂಟಿಸಿದೆ. ಬೆಳಗ್ಗೆ ಐದಕ್ಕೆ ಎದ್ದು ಬಚ್ಚಲು ಸೇರಿದರೆ ಐದು ಮುಕ್ಕಾಲಿಗೆ ಹೊರಗೆ. ಒಂದನೆಯದು ಎಣ್ಣೆ, ಎರಡನೆಯದು ನೊರೆ, ಮೂರನೆಯದು ಉಜ್ಜುವುದು, ನಾಲ್ಕನೆಯದು ಟೋನರ್ ಎಂಬ ನೀರು, ಐದನೆಯದು ಬಸವನಹುಳುವಿನ ಲೋಳೆಯ ಎಸೆನ್ಸು, ಆರನೆಯದು ಸೀರಮ್ಮು. ಹೀಗೆ ಒಂದರ ಮೇಲೊಂದು, ಮನೆಗೆ ಸುಣ್ಣ ಹೊಡೆದ ಹಾಗೆ.

ಮೂರನೆಯ ದಿನ ನಾಜಿಶ್ ಫೋನ್ ಮಾಡಿ ಹೇಗಿದೆ ಎಂದು ವಿಚಾರಿಸಿದಳು. ನಾನು ಹಿತ್ತಲಿಗೆ ಹೋಗಿ, ದನಿ ತಗ್ಗಿಸಿ, "ಸೀರಮ್ ತುಂಬಾ ಚೆನ್ನಾಗಿದೆ ನಾಜಿಶ್. ಮುಟ್ಟಿದ್ರೆ ರೇಷ್ಮೆ," ಅಂದೆ. ತಿರುಗಿ ನೋಡಿದರೆ ಆಂಜನಮ್ಮ ಒಗೆದ ಬಟ್ಟೆ ಹಿಡಿದು ನಿಂತಿದ್ದಳು.

"ಯಾರ್ರೀ ಅದು ನಾಜಿಶ್?"

"ಅಂಗಡಿಯವಳು."

"ಯಾರಿಗೆ ರೇಷ್ಮೆ ಸೀರೆ?"

"ಸೀರೆ ಅಲ್ವೇ, ಸೀರಮ್ಮು."

"ಸೀರಮ್ಮಾ? ಅಂದ್ರೆ ಆ ನಾಜಿಶ್ ಅಲ್ದೆ ಈ ಸೀರಮ್ಮ ಅಂತ ಇನ್ನೊಬ್ಳು ಬೇರೆ ಅವ್ಳಾ?"

ಬೆಳಗಿನ ಮುಕ್ಕಾಲು ಗಂಟೆಯ ಬಚ್ಚಲು, ಟ್ರಂಕಿನ ಬೀಗ, ಮೈಯಿಂದ ಬರುವ ಹೂವಿನ ವಾಸನೆ, ಎಲ್ಲವನ್ನೂ ಅವಳು ಮೂರು ದಿನದಿಂದ ಕೂಡಿಸುತ್ತಿದ್ದಳಂತೆ. ಮದುವೆಗೆ ಬಂದ ಮಗಳ ಮುಂದೆ ಮಾನ ಹೋಗುವುದು ಬೇಡವೆಂದು ಟ್ರಂಕು ತೆರೆದು ಒಂಬತ್ತನ್ನೂ ಮುಂದಿಟ್ಟೆ. ಭವ್ಯ ಒಂದೊಂದನ್ನೇ ಎತ್ತಿ, ಹಿಂದೆ ಸಣ್ಣಗೆ ಬರೆದಿದ್ದ ಇಂಗ್ಲಿಷ್ ಓದಿ ಅವಳಮ್ಮನಿಗೆ ಅರ್ಥ ಹೇಳಿದಳು. ಐದನೆಯದಕ್ಕೆ ಬಂದಾಗ ಆಂಜನಮ್ಮ ಕೈ ಅಡ್ಡ ಹಿಡಿದಳು.

"ಹುಳದ ಲೋಳೆನಾ? ಮುಖಕ್ಕಾ?"

"ಅದರಿಂದ ಮುಖ ಹೊಳೆಯುತ್ತೆ ಕಣೇ."

"ಮಳೆಗಾಲದಲ್ಲಿ ನಮ್ಮ ಹಿತ್ತಲ ಗೋಡೆ ತುಂಬಾ ಅವೇ ಹತ್ತುತ್ವೆ. ಆ ಗೋಡೆ ಯಾವತ್ತಾದ್ರೂ ಹೊಳೆದಿದ್ದು ನೋಡಿದ್ದೀರಾ?"

ಭವ್ಯ ಮಾತ್ರ ಗಂಭೀರವಾಗಿ, "ಅಪ್ಪ, ಇದರಲ್ಲಿ ಮೂರು ಮತ್ತು ಆರು ಒಟ್ಟಿಗೆ ಹಚ್ಚಬೇಡಿ. ಆಫೀಸಲ್ಲಿ ನನ್ನ ಫ್ರೆಂಡ್‌ಗೆ ಹಿಂಗೇ ಆಗಿತ್ತು," ಅಂದಳು. ತಾಯಿ ಮಗಳು ಸೇರಿ ನನ್ನನ್ನು ತಾತನಾಗಿಯೇ ಉಳಿಸುವ ಸಂಚು ನಡೆಸಿದ್ದಾರೆ ಎನ್ನಿಸಿತು. ಬಾಟಲಿಗಳು ಟ್ರಂಕಿನಿಂದ ಬಚ್ಚಲಿನ ಗೂಡಿಗೆ ಬಂದವು. ಮೂರೂ ಆರೂ ಒಟ್ಟಿಗೇ ಮುಂದುವರಿದವು.

ಆರನೆಯ ದಿನ ಉರಿ ಶುರುವಾಯಿತು. ಎಂಟನೆಯ ದಿನಕ್ಕೆ ಮುಖ ಸುಟ್ಟ ಬದನೆಕಾಯಿಯಂತಾಯಿತು. ಬೀಗರದೂ ಬದನೆಕಾಯಿಯೇ, ಆದರೆ ಅವರದು ಹೊಳೆಯುವುದು, ನನ್ನದು ಸಿಪ್ಪೆ ಬಿಡುವುದು. ಉರಿಯುತ್ತಿದೆ ಎಂದರೆ ಕೆಲಸ ಮಾಡುತ್ತಿದೆ, ಹಳೆಯ ಮುಖ ಹೋಗುತ್ತಿದೆ, ಒಳಗಿಂದ ಹೊಸದು ಬರುತ್ತಿದೆ ಎಂದು ನಾನು ಧೈರ್ಯ ತಂದುಕೊಂಡೆ. ಬಚ್ಚಲಿನಲ್ಲಿ ಮಾತ್ರ ಬಾಯಿ ನನ್ನ ಮಾತು ಕೇಳುತ್ತಿರಲಿಲ್ಲ. ಮೂರನೆಯ ಬಾಟಲಿಗೆ "ಅಯ್ಯಪ್ಪಾ" ಎಂದೂ, ಆರನೆಯದಕ್ಕೆ "ಅಯ್ಯಯ್ಯೋ" ಎಂದೂ ತಾನಾಗಿ ಹೊರಡುತ್ತಿತ್ತು.

ಒಂಬತ್ತನೆಯ ದಿನ ಟಿನ್ ಫ್ಯಾಕ್ಟರಿಯಲ್ಲಿ ಕೆ.ಆರ್. ಪುರದ ಬಸ್ಸು ಹತ್ತಿದೆ. ಮಧ್ಯಾಹ್ನದ ಬಿಸಿಲು. ಬೆವರಿಗೆ ಒಂಬತ್ತು ಪದರವೂ ಕರಗಿ ಗದ್ದದಲ್ಲಿ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು. ಉಳಿದ ಚರ್ಮ ಬಿಗಿದುಕೊಂಡು ತುಟಿ ಅಲ್ಲಾಡಿಸಲು ಆಗುತ್ತಿರಲಿಲ್ಲ. "ಟಿಕೆಟ್ ತೋರಿಸಿ" ಎಂದದ್ದು "ಟಿಟ್ಟೆ ತೋಚಿ" ಎಂದು ಹೊರಬಂತು. ಮುಂದಿನ ಸೀಟಿನಲ್ಲಿ ಕೂತ ಹೆಂಗಸು ಟಿಕೆಟ್ ಕೊಡುವುದನ್ನೂ ಮರೆತು ನನ್ನ ಮುಖ ನೋಡಿದಳು.

"ಅಣ್ಣಾ, ಸುಟ್ಕೊಂಡ್ರಾ? ಎಣ್ಣೇನಾ, ಬೆಂಕೀನಾ?"

ಹಿಂದಿನಿಂದ ಒಬ್ಬ, "ಸರ್ಪಸುತ್ತು ಕಣಕ್ಕ ಅದು. ನಮ್ಮ ಮಾವನಿಗೂ ಆಗಿತ್ತು," ಅಂದ. ಇನ್ನೊಬ್ಬರು ಜೇನುಗೂಡಿಗೆ ಕೈ ಹಾಕಿರಬೇಕು ಅಂದರು. ಕಂಡಕ್ಟರ್ ತನ್ನ ನೀರಿನ ಬಾಟಲಿ ಕೊಟ್ಟ. ನನ್ನನ್ನು ಎಳೆದು ಸೀಟಿನಲ್ಲಿ ಕೂರಿಸಿದರು. ಟವೆಲ್ಲು ಒದ್ದೆ ಮಾಡಿ ಹಣೆಗಿಟ್ಟರು. ಇಡೀ ಬಸ್ಸು ನನ್ನ ಸುತ್ತ ನೆರೆದಿದ್ದಾಗ, ನಾನು ಹತ್ತುವಾಗಲೇ ಕಣ್ಣಿಟ್ಟಿದ್ದ ನೀಲಿ ಅಂಗಿಯವನು ಹಿಂದಿನ ಬಾಗಿಲಿಂದ ಇಳಿದು, ನನ್ನ ಕಡೆ ಮರುಕದಿಂದ ಒಮ್ಮೆ ನೋಡಿ, ನಡೆದುಹೋದ. ಟಿಕೆಟ್ ಇಲ್ಲದವನೊಬ್ಬ ನನ್ನ ಕಣ್ಣೆದುರೇ ಇಳಿದುಹೋದದ್ದು ನನ್ನ ಸರ್ವಿಸ್ಸಿನಲ್ಲೇ ಅದು ಮೊದಲು.

ಮನೆಗೆ ಬಂದಾಗ ಆಂಜನಮ್ಮ ಬಾಗಿಲಲ್ಲೇ ನಿಂತು ನೋಡಿದಳು. ಈ ಸಲ ನಗಲಿಲ್ಲ.

"ಸಾಕು ನಿಲ್ಸಿ ಇನ್ನ."

"ಇನ್ನು ಒಂದು ತಿಂಗಳಿದೆ. ಈಗ ನಿಲ್ಸಿದ್ರೆ ಅರ್ಧಂಬರ್ಧ ಆಗುತ್ತೆ."

"ನಿಶ್ಚಿತಾರ್ಥದ ದಿನ ಹುಡುಗೀಗೆ ಅಪ್ಪ ಅಂತ ಒಬ್ಬ ಇರ್ಬೇಕು. ಮುಖ ಹೆಂಗಿದ್ರೂ ಪರವಾಗಿಲ್ಲ, ಮುಖ ಅಂತ ಒಂದಿರ್ಲಿ."

ನಾನು ಒಪ್ಪಲಿಲ್ಲ. ಅವಳು ಮತ್ತೆ ಮಾತಾಡಲಿಲ್ಲ. ಆಂಜನಮ್ಮ ವಾದವನ್ನು ಅಷ್ಟು ಬೇಗ ಬಿಟ್ಟಳೆಂದರೆ ಯಾರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ. ಊರೆಲ್ಲರ ಮೇಲೆ ಬರುವ ಅನುಮಾನ ಬೇಕಾದ ಕಡೆ ಮಾತ್ರ ಬರುವುದಿಲ್ಲ.

ಎರಡು ದಿನ ರಜೆ ಹಾಕಿದೆ. ರಜೆ ಮುಗಿಯುವ ಹೊತ್ತಿಗೆ ಆಶ್ಚರ್ಯವೊಂದು ನಡೆಯಿತು. ಮೂರನೆಯ ಬಾಟಲಿಗೆ ಅಯ್ಯಪ್ಪನ ನೆನಪಾಗಲಿಲ್ಲ. ಮತ್ತೆರಡು ದಿನಕ್ಕೆ ಆರನೆಯದರ ಉರಿಯೂ ಹೋಯಿತು. ವಾರದಲ್ಲಿ ಸಿಪ್ಪೆ ನಿಂತಿತು. ಎರಡು ವಾರಕ್ಕೆ ಕೆನ್ನೆ ಮೆತ್ತಗಾಯಿತು. ಮುಖದಿಂದ ಎಳೆ ಮಗುವಿನ ವಾಸನೆ ಬರತೊಡಗಿತು. ವಯಸ್ಸು ಇಳಿಯುವುದೆಂದರೆ ಇದೇ ಎಂದು ತಿಳಿದೆ. ತಿಳಿಯಾಗಿದ್ದ ಹುಳುವಿನ ಎಸೆನ್ಸು ಬೆಳ್ಳಗೆ ಗಟ್ಟಿಯಾಗಿತ್ತು. ಚಳಿಗಾಲ, ಕೊಬ್ಬರಿ ಎಣ್ಣೆಯೂ ಗಟ್ಟಿಯಾಗುತ್ತದೆ, ಪಾಪ ಹುಳು ಏನು ಮಾಡೀತು ಎಂದುಕೊಂಡು ಇನ್ನೂ ಧಾರಾಳವಾಗಿ ಬಳಿದುಕೊಂಡೆ.

ಆಮೇಲೆ ನನ್ನ ಬಾಯಿಗೆ ಬೀಗ ಇರಲಿಲ್ಲ. ಡಿಪೋದಲ್ಲಿ ಭಾಷಣ, ಸ್ಟಾಪಿನಲ್ಲಿ ಭಾಷಣ. "ಹೇಡಿಗಳು ಉರಿಗೆ ಹೆದರಿ ಅರ್ಧಕ್ಕೆ ಬಿಡ್ತಾರೆ. ಅದಕ್ಕೇ ಅವರ ಮುಖ ಹಂಗಿರುತ್ತೆ," ಎಂದು ಅನೀಸ್‌ನ ಮುಖ ನೋಡಿಕೊಂಡೇ ಹೇಳುತ್ತಿದ್ದೆ. ಮನೆಯಲ್ಲಿ ಆಂಜನಮ್ಮನಿಗೂ ಹೇಳಿದೆ. "ನಿನ್ನ ಮಾತು ಕೇಳಿ ನಿಲ್ಸಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರ್ಲಿಲ್ಲ," ಅಂದಳು. ಎಷ್ಟು ಸಾಧು ದನಿ ಅದು.

ನಿಶ್ಚಿತಾರ್ಥಕ್ಕೆ ಹತ್ತು ದಿನ ಇದೆ ಎನ್ನುವಾಗ ಒಂದು ಬೆಳಗ್ಗೆ ನನ್ನ ಕೈ ನಿಂತಿತು. ತಿಂಗಳ ಮೇಲಾಯಿತು. ಎರಡು ಹೊತ್ತೂ ಬಳಿಯುತ್ತಿದ್ದೇನೆ. ನಾಲ್ಕನೆಯ ಬಾಟಲಿ ಇಷ್ಟು ಹೊತ್ತಿಗೆ ಖಾಲಿಯಾಗಬೇಕಿತ್ತು, ಅದು ಕುತ್ತಿಗೆಯವರೆಗೂ ಇದೆ. ನೋಡಿದರೆ ಮೂರನೆಯದೂ ಹಾಗೆಯೇ. ಆರನೆಯದೂ ಹಾಗೆಯೇ.

ಬಾಟಲಿಗಳ ಹಿಂದೆ ಪೆನ್ನಿನಿಂದ ಸಣ್ಣ ಗೆರೆ ಹಾಕಿದೆ. ಮೂರು ದಿನ ಬಿಟ್ಟು ಅಳೆದೆ. ಒಂಬತ್ತು ಬಾಟಲಿಗಳಲ್ಲಿ ಎರಡು, ಗೆರೆಗಿಂತ ಅರ್ಧ ಬೆರಳು ಮೇಲಿದ್ದವು.

ಕಡಿಮೆಯಾಗಿದ್ದರೆ ಯಾರೋ ಕದ್ದರು ಅನ್ನಬಹುದಿತ್ತು. ಹೆಚ್ಚಾದರೆ ಯಾರ ಮೇಲೆ ಅನುಮಾನ ಪಡುವುದು? ಇಪ್ಪತ್ತೇಳು ವರ್ಷದಲ್ಲಿ ಒಬ್ಬ ಪ್ರಯಾಣಿಕನೂ ಎರಡು ಟಿಕೆಟ್ ತೆಗೆದುಕೊಂಡು ಸಿಕ್ಕಿಬಿದ್ದವನಿಲ್ಲ. ಹುಳು ಒಳಗೇ ಮರಿ ಹಾಕುತ್ತಿದೆಯೋ ಎಂದು ಬಾಟಲಿಯನ್ನು ಕಿವಿಗಿಟ್ಟು ಕೇಳಿದೆ. ಸದ್ದಿಲ್ಲ. ಭವ್ಯಳನ್ನು ಕರೆದು ವಿಚಾರಿಸಿದರೆ, "ಅಪ್ಪ, ನಂಗೆ ಮೀಟಿಂಗಿದೆ," ಎಂದು ಲ್ಯಾಪ್‌ಟಾಪಿನ ಹಿಂದೆ ಮುಖ ಮರೆಮಾಡಿದಳು. ಆಂಜನಮ್ಮನನ್ನು ಕೇಳಿದೆ.

"ಹೆಚ್ಚಾದ್ರೆ ಒಳ್ಳೇದಲ್ವಾ? ಲಕ್ಷ್ಮಿ ಬಂದಂಗೆ," ಅಂದಳು.

ಉಳಿದವಳು ನಾಜಿಶ್ ಒಬ್ಬಳೇ. ನಕಲಿ ಮಾಲು ಕೊಟ್ಟಿದ್ದಾಳೆ, ಅದು ಒಳಗೇ ಉಬ್ಬುತ್ತಿದೆ, ನಿಶ್ಚಿತಾರ್ಥದ ದಿನ ನನ್ನ ಮುಖದ ಮೇಲೂ ಉಬ್ಬುತ್ತದೆ ಎಂದು ತೀರ್ಮಾನಿಸಿದೆ. ಬಚ್ಚಲಿನಲ್ಲೇ ಮಹಜರು ಬರೆದೆ. ಸ್ಥಳ, ಸಮಯ, ಪ್ರತಿ ಬಾಟಲಿಯ ಮಟ್ಟ. ಭವ್ಯ ಸಾಕ್ಷಿ ರುಜು ಹಾಕಲು ಒಪ್ಪಲಿಲ್ಲ. ಗುರುವಾರ ಒಂಬತ್ತನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ ಅಂಗಡಿಗೆ ಹೋದೆ. ಎರಡು ಮೂರು ಜನ ಗಿರಾಕಿಗಳಿದ್ದರು. ಅವರೂ ಕೇಳಲಿ ಎಂದು ದನಿ ಏರಿಸಿದೆ.

"ಏನಮ್ಮ ಇದು ನೀನು ಕೊಟ್ಟಿರೋ ಮಾಲು? ತಿಂಗಳಿಂದ ಹಚ್ತಿದ್ದೀನಿ, ಜಾಸ್ತಿ ಆಗ್ತಿದೆ."

ನಾಜಿಶ್ ಕನ್ನಡಕದ ಮೇಲಿಂದ ನೋಡಿದಳು. "ಅಂಕಲ್, ಈ ಕಂಪ್ಲೇಂಟ್ ಇದುವರೆಗೂ ಯಾರೂ ಮಾಡಿಲ್ಲ."

"ಮೋಸ ಅಲ್ವಾ ಇದು?"

"ಮೋಸ ಮಾಡೋರು ಕಮ್ಮಿ ಹಾಕ್ತಾರೆ ಅಂಕಲ್. ಜಾಸ್ತಿ ಯಾರು ಹಾಕ್ತಾರೆ?"

ಒಂದೊಂದೇ ಮುಚ್ಚಳ ತೆಗೆದು ಮೂಸಿದಳು, ಬೆರಳಿಗೆ ಹಚ್ಚಿ ತಿಕ್ಕಿದಳು. "ಮೂರೂ ನಾಲ್ಕೂ ನೀರು ಅಂಕಲ್. ಬರೀ ನೀರು. ಆರರಲ್ಲಿ ಮಕ್ಕಳಿಗೆ ಹಚ್ಚೋ ಲೋಷನ್. ಏಳು, ಎಂಟೂ ಅದೇ." ಐದನೆಯದನ್ನು ಹೆಚ್ಚು ಹೊತ್ತು ನೋಡಿದಳು. ಆಮೇಲೆ ಅವಳ ತುಟಿಯ ಕೊನೆ ಸ್ವಲ್ಪ ಮೇಲೇರಿತು. "ಇದು ಸನ್‌ಸ್ಕ್ರೀನ್. ನೀವು ಅವತ್ತು ಬಿಟ್ಟುಹೋದ್ರಲ್ಲ, ಅದೇ ಜಾತಿದು."

ಗಿರಾಕಿಗಳೂ ಬಗ್ಗಿ ನೋಡತೊಡಗಿದರು. ನಾಜಿಶ್ ನನ್ನನ್ನು ಮತ್ತೆ ದೀಪದ ಕೆಳಗೆ ಕೂರಿಸಿ ಕೆನ್ನೆ ಒತ್ತಿದಳು.

"ಮುಖ ಚೆನ್ನಾಗಾಗಿದೆ ಅಂಕಲ್. ನಾನು ಮೊದಲ ದಿನ ಹೇಳಿದ ಮೂರನ್ನೇ ಯಾರೋ ನಿಮಗೆ ಹಚ್ಚಿಸಿದ್ದಾರೆ. ಯಾರು ಅವರು? ಸಿಕ್ಕಿದ್ರೆ ಇಲ್ಲಿ ಕೆಲಸ ಕೊಡ್ತೀನಿ."

ನಾನು ಮಹಜರನ್ನು ಮಡಿಚಿ ಜೇಬಿಗಿಟ್ಟುಕೊಂಡು ಮೆಟ್ರೊ ಹತ್ತಿದೆ.

ಆಂಜನಮ್ಮ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು. ಗಂಟನ್ನು ಅವಳ ಮುಂದಿಟ್ಟು ಏನೂ ಹೇಳದೆ ನಿಂತೆ. ಟಿಕೆಟ್ಟಿಲ್ಲದವರ ಮುಂದೆ ನಾನು ಹೀಗೆ ಸುಮ್ಮನೆ ನಿಂತರೆ ಅರ್ಧ ನಿಮಿಷಕ್ಕೆ ಬೆವರುತ್ತಾರೆ. ಅವಳು ಇನ್ನೂ ನಾಲ್ಕು ಹುರುಳಿಕಾಯಿ ಮುಗಿಸಿದಳು.

"ಗೊತ್ತಾಯ್ತಾ?"

"ಯಾವಾಗಿಂದ?"

"ಅವತ್ತು ಬಸ್ಸಿಂದ ಆ ಮುಖ ಎತ್ಕೊಂಡು ಬಂದ್ರಲ್ಲ, ಅದರ ಮಾರನೇ ದಿನದಿಂದ."

"ಯಾವುದನ್ನ ಬದಲಾಯಿಸ್ಬೇಕು ಅಂತ ನಿಂಗೆ ಹೆಂಗೆ ಗೊತ್ತಾಯ್ತು?"

"ಬಾಗಿಲಾಚೆ ನಿಂತ್ಕೊಂಡು ಕೇಳಿಸ್ಕೊಂಡೆ. ನೀವು ನಂಬರ್ ಎಣಿಸ್ಕೊಂಡೇ ಹಚ್ತೀರಲ್ಲ. ಒಂದು ಎರಡಕ್ಕೆ ಸುಮ್ನಿದ್ರಿ. ಮೂರಕ್ಕೆ ಅಯ್ಯಪ್ಪಾ ಅಂದ್ರಿ, ಅದನ್ನ ಖಾಲಿ ಮಾಡ್ದೆ. ಮಾರನೇ ದಿನ ನಾಲ್ಕಕ್ಕೆ ಅಂದ್ರಿ, ಅದನ್ನೂ ತೆಗೆದೆ. ಹಿಂಗೇ ಒಂದೊಂದಾಗಿ, ನಿಮ್ಮ ಕೂಗು ನಿಲ್ಲೋವರೆಗೂ. ಬಿಸಿಲಿಗೆ ಹಚ್ಚೋದನ್ನ ಭವ್ಯ ತಂದ್ಕೊಟ್ಲು. ಹಂಗೇ ಕೊಟ್ಟಿದ್ರೆ ನೀವು ಹಚ್ಚಲ್ಲ, ಅದಕ್ಕೇ ಹುಳದ ಬಾಟ್ಲಿಗೆ ತುಂಬ್ದೆ. ಹುಳ ಅಂದ್ರೆ ನಿಮಗೆ ದೇವ್ರು."

ನಾನು ಕೂತೆ. ತಿಂಗಳಿಂದ ಡಿಪೋದಲ್ಲಿ ಮಾಡಿದ ಭಾಷಣಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

"ಹೇಳ್ಬಹುದಿತ್ತಲ್ಲೇ."

"ಹೇಳಿದ್ದೆ. ಭವ್ಯಾನೂ ಹೇಳಿದ್ಲು. ನಿಮಗೆ ಅನುಮಾನ."

ಒಂದು ಕೊನೆಯ ಅಸ್ತ್ರ ಉಳಿದಿತ್ತು. "ಆಯ್ತು. ನನ್ನ ಅಸಲಿ ಮಾಲೆಲ್ಲ ಎಲ್ಲಿಗೆ ಸುರಿದೆ? ಮೋರಿಗಾ?"

ಅವಳು ಮೊದಲ ಸಲ ತಡವರಿಸಿದಳು. ಎದ್ದು ಹೋಗಿ ಅಡುಗೆಮನೆಯ ಮೇಲಿನ ಗೂಡಿನಿಂದ ತೊಳೆದ ಉಪ್ಪಿನಕಾಯಿ ಸೀಸೆಗಳನ್ನು ತಂದಳು. ಮೂರನೆಯದು ಹಾಗೇ ಇತ್ತು. ಆರನೆಯದೂ ಇತ್ತು. ಹುಳುವಿನ ಎಸೆನ್ಸಿನ ಸೀಸೆ ಮಾತ್ರ ತಳ ಕಂಡಿತ್ತು.

"ದುಡ್ಡು ಕೊಟ್ಟು ತಂದದ್ದು, ಎಸೆಯೋಕೆ ಮನಸ್ಸು ಬರ್ಲಿಲ್ಲ. ಭವ್ಯ ಹೇಳಿದ್ಲು ಅಂತ ಒಂದೊಂದನ್ನೂ ಮೊಣಕೈಗೆ ಮೂರು ಮೂರು ದಿನ ಹಚ್ಚಿ ನೋಡ್ದೆ. ಬೇರೆ ಯಾವುದೂ ನಂಗೆ ಆಗಿಬರ್ಲಿಲ್ಲ. ಇದೊಂದು ಆಗಿಬಂತು."

"ಹುಳದ ಲೋಳೆ?"

"ಹುಳದ ಮೇಲೆ ನಂಗೇನು ಹಗೆತನವಾ?"

ಆಗ ಅವಳ ಮುಖ ನೋಡಿದೆ. ಕಿಟಕಿಯಿಂದ ಸಂಜೆಯ ಬೆಳಕು ಬೀಳುತ್ತಿತ್ತು. ಹಣೆ ತಿಳಿಯಾಗಿತ್ತು, ಕಣ್ಣ ಕೆಳಗಿನ ಕಪ್ಪು ಇರಲಿಲ್ಲ, ಕೆನ್ನೆ ಹೊಳೆಯುತ್ತಿತ್ತು.

"ಆಂಜನಾ, ಇದು ಯಾವಾಗಾಯ್ತೇ?"

"ಎರಡು ವಾರ ಆಯ್ತು. ಪಕ್ಕದ ಮನೆಯವರು ಕೇಳಿದ್ರು, ಹಾಲಿನವನು ಕೇಳ್ದ, ಭವ್ಯ ಫೋಟೊ ತೆಗೆದ್ಲು." ಹುರುಳಿಕಾಯಿಯ ತಟ್ಟೆ ಎತ್ತಿಕೊಂಡಳು. "ನೀವು ಬಾಟ್ಲಿ ಅಳೀತಿದ್ರಿ."

ನಿಶ್ಚಿತಾರ್ಥ ಭಾನುವಾರ, ಕೆ.ಆರ್. ಪುರದ ಛತ್ರದಲ್ಲಿ, ಯಾವ ವಿಘ್ನವೂ ಇಲ್ಲದೆ ನಡೆಯಿತು. ನಿತೀಶನ ಅಜ್ಜಿ ಕನ್ನಡಕವನ್ನು ಮನೆಯಲ್ಲೇ ಮರೆತು ಬಂದಿದ್ದರು. ಆರು ವಾರದ ನನ್ನ ತಪಸ್ಸು ಅವರಿಗೆ ಮಸುಕಾಗಿ ಕೂಡ ಕಾಣಲಿಲ್ಲ. ಊಟದ ಹೊತ್ತಿಗೆ ಪಿಳ್ಳಪ್ಪನವರು ಪಕ್ಕದಲ್ಲಿ ಬಂದು ಕೂತು ನನ್ನ ಕೆನ್ನೆಯನ್ನೇ ದಿಟ್ಟಿಸಿದರು.

"ಬೀಗ್ರೇ, ನಿಜ ಹೇಳಿ, ಏನ್ ಹಚ್ತೀರಾ?"

"ನೀವು ಹಚ್ಚೋದನ್ನೇ. ನಿಮ್ಮ ಬಚ್ಚಲಲ್ಲಿ ಹತ್ತು ಬಾಟ್ಲಿ ನೋಡಿದ್ದೆ."

"ಅವು ನಮ್ಮ ಹೆಂಗಸರದು. ನಂಗೆ ಮೈಗೂ ಮುಖಕ್ಕೂ ಒಂದೇ ಸೋಪು. ಬಿಸಿಲಿಗೆ ಹೋಗಿ ಎಷ್ಟೋ ವರ್ಷ ಆಯ್ತು ನೋಡಿ. ಮನೆ, ಕಾರು, ಆಫೀಸು, ಎಲ್ಲಾ ಎಸಿ."

ಅವರ ಮಾತು ನಂಬಿದೆ ಎಂದು ಹೇಳಲಾರೆ. ಆದರೆ ಅವರೂ ನನ್ನ ಮಾತು ನಂಬಲಿಲ್ಲ, ಅಲ್ಲಿಗೆ ಲೆಕ್ಕ ಸರಿಹೋಯಿತು. ನಮ್ಮಿಬ್ಬರನ್ನೂ ಯಾರೂ ಗಮನಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹೆಂಗಸರೆಲ್ಲ ಆಂಜನಮ್ಮನನ್ನು ಮುತ್ತಿಕೊಂಡು ಏನು ಹಚ್ಚುತ್ತೀರಿ ಎಂದು ಕೇಳುತ್ತಿದ್ದರು. ಅವಳು ಕಡಲೆಹಿಟ್ಟು ಎಂದು ಹೇಳುತ್ತಿದ್ದಳು.

ಸೋಮವಾರ ಡ್ಯೂಟಿ ಮುಗಿಸಿ, ಅವಳಿಗೆ ಹೇಳದೆ, ನೇರವಾಗಿ ನಾಜಿಶ್‌ಳ ಅಂಗಡಿಗೆ ಹೋದೆ. ತಪ್ಪು ಒಪ್ಪಿಕೊಳ್ಳುವುದು ನನ್ನಿಂದಾಗದು, ಒಂದು ಬಾಟಲಿಯಾದರೂ ಒಯ್ಯೋಣ ಎಂದುಕೊಂಡೆ. ಅನೀಸ್ ಕೂಡ ಜೊತೆಗೆ ಬಂದಿದ್ದ. ಅಂಗಡಿ ತುಂಬಾ ಜನ.

"ಹುಳದ್ದು ಒಂದು ಕೊಡಮ್ಮ. ನನಗಲ್ಲ, ನಮ್ಮ ಮನೆಯವಳಿಗೆ. ಅದರ ಜೊತೆ ಇನ್ನೇನಾದ್ರೂ ಹೊಂದೋದಿದ್ರೆ ಅದನ್ನೂ ಕೊಡು. ಈ ಸಲ ನೀನು ಹೇಳಿದ್ದನ್ನೇ ತಗೊಂಡೋಗ್ತೀನಿ."

ನಾಜಿಶ್‌ಗೆ ತುಂಬ ಸಂತೋಷವಾಯಿತು. "ಕೊಡ್ತೀನಿ ಅಂಕಲ್. ಆಂಟೀದು ಯಾವ ಥರ ಸ್ಕಿನ್? ಒಣ ಚರ್ಮನಾ, ಎಣ್ಣೆ ಚರ್ಮನಾ?"

ಇಪ್ಪತ್ತೆಂಟು ವರ್ಷದ ಸಂಸಾರ. ನೂರು ಜನರ ಬಸ್ಸಿನಲ್ಲಿ ಟಿಕೆಟ್ ಇಲ್ಲದವನನ್ನು ಬೆನ್ನು ನೋಡಿ ಹೇಳುವ ನನಗೆ ಇದು ಗೊತ್ತಿರಲಿಲ್ಲ. ಅನೀಸ್ ಮೇಲಕ್ಕೆ ಫ್ಯಾನು ನೋಡತೊಡಗಿದ.

"ಫೋನ್ ಮಾಡಿ ಕೇಳಿ ಅಂಕಲ್, ಪರವಾಗಿಲ್ಲ," ಅಂದಳು ನಾಜಿಶ್.

ಮಾಡಿದೆ. ಗಲಾಟೆಯಲ್ಲಿ ಕೇಳಿಸದೆಂದು ಸ್ಪೀಕರ್ ಹಾಕಿದೆ. ಅದೇ ತಪ್ಪಾಯಿತು.

"ಆಂಜನಾ, ಅಂಗಡೀಲಿದ್ದೀನಿ. ನಿನ್ನ ಚರ್ಮ ಯಾವ ಥರದ್ದು ಅಂತ ಕೇಳ್ತಾವ್ರೆ."

ಅವಳ ದನಿ ಇಡೀ ಅಂಗಡಿಗೆ ಕೇಳಿಸಿತು.

"ದಪ್ಪ ಚರ್ಮ ಅಂತ ಹೇಳಿ. ಇಲ್ದಿದ್ರೆ ಇಷ್ಟು ವರ್ಷ ನಿಮ್ಮ ಜೊತೆ ಬಾಳೋಕಾಗ್ತಿತ್ತಾ?"